ಮೋಟರ್ ಹೋಗಿದೆ, ಬೋರ್ಡೂ ಹೋಗಿದೆ ಅಂತಾರೆ: ಬದಲಾಯಿಸೋ ಮುಂಚೆ ನಾವೇ ಏನೇನು ನೋಡ್ಬಹುದು?

ನೀಲಿ_ಬಕೆಟ್:
ಎಲ್ಲರಿಗೂ ನಮಸ್ಕಾರ. ನಮ್ದು ಫ್ರಂಟ್ ಲೋಡ್ ವಾಷಿಂಗ್ ಮಷಿನ್, ಹಳೇದು, ಹಿಂದೆ ಬೆಲ್ಟ್ ಇರೋ ಮಾಡೆಲ್. ನೀರು ಸರಿಯಾಗಿ ತುಂಬ್ಕೊಳುತ್ತೆ, ಡೋರ್ ಲಾಕ್ ಆಗುತ್ತೆ, ಆಮೇಲೆ ಡ್ರಮ್ ತಿರುಗೋಕೆ ಹೋಗಿ ಸ್ವಲ್ಪ ಅಲ್ಲಾಡಿ ಅಲ್ಲೇ ನಿಂತ್ಬಿಡುತ್ತೆ, ಮತ್ತೆ ಟ್ರೈ ಮಾಡುತ್ತೆ, ಮತ್ತೆ ನಿಲ್ಲುತ್ತೆ, ಕೊನೆಗೆ ಎರರ್ ತೋರಿಸಿ ಆಫ್. ನೀರು ಖಾಲಿ ಮಾಡಿ, ಪ್ಲಗ್ ತೆಗ್ದು, ಡ್ರಮ್‌ನ ಕೈಯಲ್ಲಿ ಒಂಚೂರು ತಿರುಗಿಸಿ ಇಟ್ಟು ಮತ್ತೆ ಆನ್ ಮಾಡಿದ್ರೆ ಕೆಲವು ಸಲ ಓಡುತ್ತೆ. ಇದಕ್ಕೂ ಮುಂಚೆ ಒಂದಷ್ಟು ದಿನದಿಂದ ಸ್ಪಿನ್ ಟೈಮಲ್ಲಿ ಸುಟ್ಟ ವಾಸನೆ ಬರ್ತಿತ್ತು.

ಟೆಕ್ನಿಶಿಯನ್ ಒಬ್ರು ಬಂದಿದ್ರು, ಹಿಂದಿನ ಕವರ್ ಕೂಡ ಬಿಚ್ಚಲಿಲ್ಲ, ಆನ್ ಮಾಡಿ ನೋಡಿ "ಮೋಟರ್ ಹೋಗಿದೆ, ಮಷಿನ್ ನಡೆಸೋ ಎಲೆಕ್ಟ್ರಾನಿಕ್ ಬೋರ್ಡ್ ಕೂಡ ಹೋಗಿರುತ್ತೆ, ಎರಡೂ ಹಾಕ್ಬೇಕು" ಅಂದ್ರು. ಎರಡೂ ಹಾಕೋದಾದ್ರೆ ಹೊಸ ಮಷಿನ್ನೇ ತಗೊಳೋದು ವಾಸಿ ಅನ್ನೋ ಲೆಕ್ಕ ಬರುತ್ತೆ. ನನ್ನ ಹತ್ರ ಮಲ್ಟಿಮೀಟರ್ ಇದೆ, ಓಮ್ಸ್ ನೋಡೋಕೆ ಬರುತ್ತೆ, ಸ್ಕ್ರೂ ಡ್ರೈವರ್ ಹಿಡಿಯೋಕೆ ಭಯ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಬೆಲ್ಟ್_ಮೊದಲು:
ಮೇಡಂ, ಮೊದ್ಲು ಪ್ಲಗ್ ಕಿತ್ತು ಹಿಂದಿನ ಕವರ್ ತೆಗೀರಿ. ಬೆಲ್ಟ್ ಸಡಿಲ ಆಗಿದ್ಯಾ, ಪುಲ್ಲಿ ಮೇಲೆ ಪಕ್ಕಕ್ಕೆ ಸರ್ದಿದ್ಯಾ, ಒಳಗಡೆ ಹಲ್ಲು ಸವೆದು ಹೊಳೀತಿದ್ಯಾ ನೋಡಿ. ಸುಟ್ಟ ವಾಸನೆ ರಬ್ಬರ್ ತರ ಇದ್ರೆ ಬೆಲ್ಟು. ಕಪ್ಪು ಹುಡಿ ಕೆಳಗಡೆ ಬಿದ್ದಿದ್ರೂ ಬೆಲ್ಟೇ ಇರ್ಬಹುದು.

ಹಳೇ_ವೈಂಡರ್:
ಬೆಲ್ಟ್ ನೋಡೋದು ಸರಿ, ಆದ್ರೆ ಕೈಯಲ್ಲಿ ತಿರುಗಿಸಿ ಬಿಟ್ರೆ ಓಡುತ್ತೆ ಅಂದ್ರಲ್ಲ, ಅಲ್ಲಿ ಅರ್ಧ ಉತ್ತರ ಇದೆ. ಬೆಲ್ಟ್ ಪ್ರಾಬ್ಲಂ ಆಗಿದ್ರೆ ಒಳಗಡೆ ಮೋಟರ್ ಓಡೋ ಸದ್ದು ಬರ್ಬೇಕು, ಡ್ರಮ್ ಮಾತ್ರ ನಿಂತಿರ್ಬೇಕು. ಇಲ್ಲಿ ಮೋಟರ್ರೇ ಸ್ಟಾರ್ಟ್ ಆಗ್ತಿಲ್ಲ.

ಬೆಲ್ಟ್ ಇರೋ ಹಳೇ ಫ್ರಂಟ್ ಲೋಡ್‌ಗಳಲ್ಲಿ ಹೆಚ್ಚಿನವು ಕಾರ್ಬನ್ ಬ್ರಷ್ ಮೋಟರ್, ಮಿಕ್ಸಿ, ಡ್ರಿಲ್ ಮಷಿನ್‌ಲ್ಲಿ ಇರೋ ಜಾತೀದೇ, ಯೂನಿವರ್ಸಲ್ ಮೋಟರ್ ಅಂತಾರೆ. ಮಧ್ಯೆ ತಿರುಗೋ ಆರ್ಮೇಚರ್, ಅದರ ಒಂದು ತುದೀಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಎರಡು ಕಡೆಯಿಂದ ಅದಕ್ಕೆ ಸ್ಪ್ರಿಂಗ್ ಹಾಕಿ ಒತ್ತಿರೋ ಕಾರ್ಬನ್ ತುಂಡುಗಳು. ಕಾರ್ಬನ್ ಸವೀತಾ ಸವೀತಾ ಸ್ಪ್ರಿಂಗ್ ಬಿಗಿ ಕಮ್ಮಿ ಆಗುತ್ತೆ, ಸಂಪರ್ಕ ಸಡಿಲ ಆಗುತ್ತೆ, ಕಿಡಿ ಬರುತ್ತೆ, ಕಿಡಿ ಬಂದಲ್ಲಿ ತಾಮ್ರ ಸುಡುತ್ತೆ. ಸುಟ್ಟ ಪಟ್ಟಿ ಸರಿಯಾಗಿ ಬ್ರಷ್ ಕೆಳಗಡೆ ಬಂದು ನಿಂತಾಗ ಮೋಟರ್ ಏಳಲ್ಲ, ಕೈಯಲ್ಲಿ ಒಂಚೂರು ತಿರುಗಿಸಿದ್ರೆ ಬೇರೆ ಪಟ್ಟಿ ಬರುತ್ತೆ, ಓಡುತ್ತೆ. ನೀವು ಹೇಳ್ತಿರೋ ಲಕ್ಷಣ ಪೂರ್ತಿ ಇದೇ.

ಬ್ರಷ್ ಹಾಕೋ ಜಾಗದಲ್ಲಿ ಮೋಟರ್ ಪೂರ್ತಿ ಬದಲಾಯಿಸೋದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ. ತಾಮ್ರ, ಬೇರಿಂಗು, ಶಾಫ್ಟು ಎಲ್ಲ ಗಟ್ಟಿ ಇದ್ದು ಬೆರಳುದ್ದದ ಕಾರ್ಬನ್ ಸವೆದಿದ್ದಕ್ಕೆ ಇಡೀ ಮೋಟರ್ ಗುಜರಿಗೆ ಹೋಗುತ್ತೆ. ಇನ್ನೊಂದು ಮಾತು, ಇದನ್ನ ಎಲ್ಲರೂ ತಲೇಲಿ ಇಟ್ಕೊಳಿ: ಮೋಟರ್ ಅಳೆಯದೆ ಯಾವ ಕಾರಣಕ್ಕೂ ಹೊಸ ಬೋರ್ಡ್ ಹಾಕಿಸ್ಬೇಡಿ. ಮೋಟರ್‌ಲ್ಲಿ ಶಾರ್ಟ್ ಇದ್ರೆ ಹೊಸ ಬೋರ್ಡ್ ಕೂಡ ಆನ್ ಮಾಡಿದ ತಕ್ಷಣ ಹೋಗ್ಬಹುದು.

ಮಾಡ್ಬೇಕಾದ ಕೆಲಸ. ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಕೀಳ್ಬೇಕು. ನಲ್ಲಿ ಬಂದ್ ಮಾಡಿ, ಕೆಳಗಿನ ಫಿಲ್ಟರ್ ಕಡೆಯಿಂದ ನೀರು ಪೂರ್ತಿ ಬಿಟ್ಬಿಡಿ. ಬೆಲ್ಟ್ ಬಿಚ್ಚಿ, ಆಮೇಲೆ ಡ್ರಮ್‌ನ ಒಂದ್ಸಲ, ಮೋಟರ್ ಪುಲ್ಲಿನ ಒಂದ್ಸಲ ಬೇರೆ ಬೇರೆಯಾಗಿ ತಿರುಗಿಸಿ. ಗರಗರ ಸದ್ದು ಡ್ರಮ್‌ಲ್ಲಿ ಬಂದ್ರೆ ಡ್ರಮ್ ಬೇರಿಂಗ್, ಪುಲ್ಲಿಲಿ ಬಂದ್ರೆ ಮೋಟರ್ ಬೇರಿಂಗ್. ಎರಡೂ ಸಲೀಸಾಗಿ ತಿರುಗಿದ್ರೆ ಕನೆಕ್ಟರ್ ಫೋಟೋ ತಗೊಂಡು, ಬಿಡಿಸಿ, ಬೋಲ್ಟ್ ಬಿಚ್ಚಿ ಮೋಟರ್ ಕೆಳಗಿಳಿಸಿ. ಭಾರ ಇರುತ್ತೆ, ಒಂದು ಕೈ ಕೆಳಗೆ ಕೊಟ್ಟು ಇಳಿಸಿ, ವೈರ್ ಮೇಲೆ ನೇತಾಡೋಕೆ ಬಿಡ್ಬೇಡಿ. ಬ್ರಷ್ ಹೊರಗೆ ತೆಗೆಯೋ ಮುಂಚೆ ಯಾವ ಬ್ರಷ್ ಯಾವ ಕಡೆ, ತುದಿ ಓರೆ ಯಾವ ದಿಕ್ಕಿಗೆ ಇದೆ ಅಂತ ಮಾರ್ಕ್ ಮಾಡ್ಕೊಳಿ.

ಮೂರನೇ_ಪಿನ್:
ವೈಂಡರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮೋಟರ್ ಇಳಿಸೋಕ್ ಮುಂಚೆ ಎರರ್ ಯಾವಾಗ ಬರುತ್ತೆ ಅನ್ನೋದನ್ನ ಗಮನಿಸಿ. ನೀರು ತುಂಬಿದ ಮೇಲೆ ಮೋಟರ್ ಪ್ರಯತ್ನಾನೇ ಮಾಡ್ದೆ ಸುಮ್ನೆ ಕೂತಿದ್ರೆ ಅದು ಮೋಟರ್ ತಪ್ಪಲ್ಲ, ನೀರಿನ ಮಟ್ಟ ನೋಡೋ ಪ್ರೆಶರ್ ಸ್ವಿಚ್ಚೋ ಅದರ ಸಣ್ಣ ಪೈಪಲ್ಲಿ ಕಟ್ಟಿಕೊಂಡಿರೋ ಸೋಪೋ, ಇಲ್ಲಾ ಡೋರ್ ಲಾಕ್ ಸಿಗ್ನಲ್ ಕೊಡ್ತಿಲ್ವೋ ಅಂತ ನೋಡ್ಬೇಕು. ವಾಷ್ ಆಗಿ ಸ್ಪಿನ್ ಮಾತ್ರ ಆಗ್ತಿಲ್ಲ ಅಂದ್ರೆ ಡ್ರೈನ್ ಪಂಪ್ ನೋಡಿ, ನೀರು ಪೂರ್ತಿ ಹೋಗದೆ ಬೋರ್ಡ್ ಸ್ಪಿನ್‌ಗೆ ಬಿಡಲ್ಲ. ಇವರ ಮಷಿನ್ ಅಲ್ಲಾಡಿ ನಿಲ್ತಿದೆ, ಅಂದ್ರೆ ಬೋರ್ಡ್ ಕರೆಂಟ್ ಕಳಿಸ್ತಿದೆ. ಬೋರ್ಡ್ ಪೂರ್ತಿ ಸತ್ತಿದೆ ಅಂತ ಯಾವ ಆಧಾರದ ಮೇಲೆ ಹೇಳಿದ್ರೋ ಗೊತ್ತಾಗ್ಲಿಲ್ಲ.

ಡೈರೆಕ್ಟ್_ಲೈನ್:
ಇಷ್ಟೆಲ್ಲ ಯಾಕೆ, ಮೋಟರ್ ತೆಗ್ದು ಫೀಲ್ಡು (ಆರ್ಮೇಚರ್ ಸುತ್ತ ಇರೋ ತಿರುಗದ ಸುರುಳಿ) ಆರ್ಮೇಚರ್ರು ಸೀರೀಸ್ ಮಾಡಿ ನೇರ ಪ್ಲಗ್‌ಗೆ ಕೊಡಿ, ತಿರುಗಿದ್ರೆ ಮೋಟರ್ ಸರಿ, ಇಲ್ಲಾಂದ್ರೆ ಹೋಗಿದೆ. ಎರಡು ನಿಮಿಷದ ಕೆಲಸ.

ಹಳೇ_ವೈಂಡರ್:
ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ಸೀರೀಸ್ ಮೋಟರ್‌ಗೆ ಲೋಡ್ ಇಲ್ದೆ ಪೂರ್ತಿ 230 ವೋಲ್ಟ್ ಕೊಟ್ರೆ ವೇಗ ಏರ್ತಾನೇ ಹೋಗುತ್ತೆ, ತಡೆಯೋಕೆ ಗಾಳಿ ಮತ್ತೆ ಬೇರಿಂಗ್ ಘರ್ಷಣೆ ಬಿಟ್ರೆ ಏನೂ ಇಲ್ಲ. ಮಷಿನ್ ಒಳಗೆ ಇದ್ದಾಗ ಟ್ಯಾಕೋ (ವೇಗ ತಿಳಿಸೋ ಸೆನ್ಸರ್) ನೋಡ್ಕೊಂಡು ಬೋರ್ಡ್ ಹಿಡಿದಿಟ್ಟಿರುತ್ತೆ, ಹೊರಗೆ ಹಿಡಿಯೋರು ಯಾರೂ ಇಲ್ಲ. ಮೊದಲನೇ ಜರ್ಕ್‌ಗೇ ಮೋಟರ್ ಟೇಬಲ್ ಮೇಲಿಂದ ಎಗರುತ್ತೆ, ಲೈವ್ ವೈರ್ ಜೊತೆಗೆ.

ಓಡಿಸಿ ನೋಡ್ಲೇಬೇಕು ಅಂದ್ರೆ 100 ವ್ಯಾಟ್ ಫಿಲಮೆಂಟ್ ಬಲ್ಬ್ ಸೀರೀಸ್‌ಲ್ಲಿ ಹಾಕಿ, ಮೋಟರ್‌ನ ವೈಸ್‌ಗೆ ಕಚ್ಚಿಸಿ ಅಥವಾ ಬಿಗಿಯಾಗಿ ಕಟ್ಟಿ, ಆಮೇಲೆ ಕೊಡಿ, ನಿಧಾನಕ್ಕೆ ತಿರುಗಬೇಕು. ಬಲ್ಬ್ ಪೂರ್ತಿ ಉರಿದು ಮೋಟರ್ ಅಲ್ಲಾಡ್ದೆ ಇದ್ರೆ ಒಳಗೆ ಶಾರ್ಟ್ ಇರ್ಬಹುದು. ಬಲ್ಬ್ ಉರಿಯಲೇ ಇಲ್ಲ ಅಂದ್ರೆ ಎಲ್ಲೋ ಕಟ್. ಎಲ್‌ಇಡಿ ಬಲ್ಬ್ ಹಾಕಿದ್ರೆ ಈ ಟೆಸ್ಟ್ ಆಗಲ್ಲ. ಇದೂ ಲೈವ್ ಕೆಲಸಾನೇ, ಅಭ್ಯಾಸ ಇಲ್ದೇ ಇರೋರು ಮಾಡೋದು ಬೇಡ, ಮೀಟರ್‌ಲ್ಲೇ ಬೇಕಾದಷ್ಟು ಗೊತ್ತಾಗುತ್ತೆ.

ಡೈರೆಕ್ಟ್_ಲೈನ್:
ಸರಿ ಸರ್, ಬಲ್ಬ್ ಸೀರೀಸ್ ಮಾಡೋದು ಒಪ್ತೀನಿ. ಮನೇಲಿ ಮಾಡೋರಿಗೆ ನೇರ ಕೊಡೋದು ಬೇಡ.

ನೀಲಿ_ಬಕೆಟ್:
ಮೋಟರ್ ಇಳಿಸಿದೆ. ಬೆಲ್ಟ್ ಚೆನ್ನಾಗಿದೆ, ಡ್ರಮ್ ಸದ್ದಿಲ್ದೆ ತಿರುಗುತ್ತೆ. ಎರಡೂ ಬ್ರಷ್ ಹೊರಗೆ ತೆಗ್ದು ಸ್ಕೇಲ್ ಇಟ್ಟು ನೋಡ್ದೆ. ಒಂದು 22 ಮಿಲಿಮೀಟರ್ ಇದೆ, ಇನ್ನೊಂದು ಬರೀ 9. ಚಿಕ್ಕದರ ತುದಿ ನುಣ್ಣಗಿಲ್ಲ, ಮೂಲೆ ಮುರಿದು ಒರಟಾಗಿದೆ, ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದೆ. ಕಮ್ಯುಟೇಟರ್ ಕಂದು ಬಣ್ಣ, ಅದರಲ್ಲಿ ಒಂದು ಕಡೆ ಅಕ್ಕಪಕ್ಕದ ಎರಡು ಮೂರು ಪಟ್ಟಿ ಮಾತ್ರ ಕಪ್ಪಗೆ ಸುಟ್ಟಿವೆ. ಹೋಲ್ಡರ್ ಒಳಗೆ ಬೆರಳು ಹಾಕಿದ್ರೆ ಮಸಿ ಮಸಿ. ಒಂದು ಬ್ರಷ್ ಮಾತ್ರ ಇಷ್ಟು ಸವೆಯೋದು ಯಾಕೆ? ಉದ್ದ ಇರೋದನ್ನ ಇಟ್ಕೊಂಡು ಚಿಕ್ಕದು ಮಾತ್ರ ಹಾಕಿದ್ರೆ ಆಗುತ್ತಾ?

ಹಳೇ_ವೈಂಡರ್:
ಎರಡೂ ಬದಲಾಯಿಸಿ ಮೇಡಂ. ಒಂದು ಹೊಸದು ಒಂದು ಹಳೇದು ಇದ್ರೆ ಸ್ಪ್ರಿಂಗ್ ಒತ್ತಡ ಬೇರೆ ಬೇರೆ ಆಗಿ ಮತ್ತೆ ಕಿಡಿ. ಹೊಸ ಬ್ರಷ್ ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್ ಇರುತ್ತೆ, 15ರ ಕೆಳಗೆ ಬಂದಿದ್ರೆ ಬದಲಾಯಿಸೋದು ಒಳ್ಳೇದು, 9 ಅಂದ್ರೆ ಮುಗಿದಿದೆ. ಸ್ಪ್ರಿಂಗ್ ನೀಲಿ ಆಗಿದೆ ಅಂದ್ರೆ ಅದು ಬಿಸಿಯಾಗಿ ಬಿಗಿ ಕಳ್ಕೊಂಡಿದೆ.

ಒಂದೇ ಬ್ರಷ್ ಸವೆದಿರೋದಕ್ಕೆ ಹೋಲ್ಡರ್ ಕಾರಣ ಇರುತ್ತೆ. ಕಾರ್ಬನ್ ಹುಡಿಗೆ ತೇವ ಸೇರಿ ಗಟ್ಟಿ ಆದಾಗ ಬ್ರಷ್ ಹೋಲ್ಡರ್‌ಲ್ಲಿ ಸಿಕ್ಕಾಕೊಳುತ್ತೆ, ಸ್ಪ್ರಿಂಗ್ ತಳ್ಳಿದ್ರೂ ಸರಿಯಾಗಿ ಮುಂದೆ ಹೋಗಲ್ಲ, ಬಿಟ್ಟು ಬಿಟ್ಟು ಮುಟ್ಟುತ್ತೆ, ಮುಟ್ಟಿದಾಗೆಲ್ಲ ಕಿಡಿ, ಕಿಡಿಗೇ ಸವೆದು ಹೋಗುತ್ತೆ. ತೇವ ಎಲ್ಲಿಂದ ಬಂತು ಅಂತ ಮೇಲೆ ನೋಡಿ, ಸೋಪ್ ಟ್ರೇ ಪೈಪಿಂದ ಹನಿ ಬೀಳ್ತಿದ್ಯಾ, ಟಬ್ ಹಿಂಭಾಗದಲ್ಲಿ ಬೇರಿಂಗ್ ಸುತ್ತ ತುಕ್ಕಿನ ಗೆರೆ ಇಳಿದಿದ್ಯಾ. ಅದನ್ನ ಬಿಟ್ಟು ಬ್ರಷ್ ಹಾಕಿದ್ರೆ ಮತ್ತೆ ಇದೇ ಕಥೆ.

ಹೋಲ್ಡರ್ ಒಣ ಬ್ರಷ್‌ಲ್ಲಿ ಉಜ್ಜಿ, ಹುಡಿ ಹೊರಗೆ ಊದಿ, ಮೂಗಿಗೆ ಬಟ್ಟೆ ಕಟ್ಕೊಳಿ. ಕಮ್ಯುಟೇಟರ್‌ಗೆ ಮರ ಉಜ್ಜೋ ನಯವಾದ ಸ್ಯಾಂಡ್‌ಪೇಪರ್ ಸಣ್ಣ ಪಟ್ಟಿ ಸುತ್ತಿ, ಶಾಫ್ಟ್ ತಿರುಗಿಸ್ತಾ ಹಗುರಕ್ಕೆ ಉಜ್ಜಿ, ಎಮರಿ ಪೇಪರ್ ಬೇಡ, ಅದರ ಹುಡಿ ಕರೆಂಟ್ ಹಾಯಿಸುತ್ತೆ, ಪಟ್ಟಿಗಳ ಸಂದೀಲಿ ಕೂತ್ರೆ ಶಾರ್ಟ್. ಆಮೇಲೆ ಸಂದಿ ಸಂದಿಲೂ ಸಣ್ಣ ಮರದ ಕಡ್ಡಿ ಹಾಕಿ ಮಸಿ ತೆಗೀರಿ. ಕಂದು ಬಣ್ಣ ಪೂರ್ತಿ ಹೋಗಿ ತಾಮ್ರ ಹೊಳೀಬೇಕು ಅಂತ ಉಜ್ಜಬೇಡಿ, ಆ ತೆಳು ಕಂದು ಪದರ ಇದ್ರೇನೇ ಬ್ರಷ್ ಬಾಳಿಕೆ ಬರೋದು. ಕಪ್ಪಾಗಿರೋ ಕಡೆ ಮಾತ್ರ ಸಮ ಮಾಡಿ.

ಈಗ ಮೀಟರ್ ಹಿಡೀರಿ. ಕನೆಕ್ಟರ್‌ಲ್ಲಿ ಎರಡು ವೈರ್ ಬ್ರಷ್ ಹೋಲ್ಡರ್‌ಗೆ ಹೋಗುತ್ತೆ, ಕಣ್ಣಿಗೇ ಕಾಣುತ್ತೆ. ಎರಡು ಸಪೂರ ವೈರ್ ಶಾಫ್ಟ್ ಹಿಂದಿನ ಸಣ್ಣ ಮುಚ್ಚಳಕ್ಕೆ, ಅದು ಟ್ಯಾಕೋ. ದಪ್ಪ ತಾಮ್ರದ ಸುರುಳಿಗೆ ಹೋಗೋದು ಫೀಲ್ಡ್. ಕೆಲವು ಮೋಟರ್‌ಲ್ಲಿ ಇನ್ನೆರಡು ಪಿನ್ ಥರ್ಮಲ್ ಕಟ್‌ದು (ಜಾಸ್ತಿ ಬಿಸಿ ಆದ್ರೆ ಕರೆಂಟ್ ನಿಲ್ಲಿಸೋದು), ತಣ್ಣಗಿದ್ದಾಗ ಅದು ಬೀಪ್ ಅನ್ನಬೇಕು. ಫೀಲ್ಡ್ ಕೆಲವೇ ಓಮ್ ತೋರಿಸ್ಬೇಕು, ಬ್ರಷ್ ಮೂಲಕ ಆರ್ಮೇಚರ್ ಕೂಡ ಕೆಲವೇ ಓಮ್. ಆರ್ಮೇಚರ್ ಅಳೀತಾ ಶಾಫ್ಟ್‌ನ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ, ಒಂದೇ ಜಾಗದಲ್ಲಿ ರೀಡಿಂಗ್ ಎಗರಿದ್ರೆ ಅಲ್ಲಿ ಪಟ್ಟಿ ಅಥವಾ ಸುರುಳಿ ಹೋಗಿದೆ. ಮೀಟರ್ ಕಡ್ಡಿಗಳನ್ನ ಒಂದಕ್ಕೊಂದು ಮುಟ್ಟಿಸಿದಾಗ ಎಷ್ಟು ತೋರಿಸುತ್ತೋ ಅಷ್ಟನ್ನ ಕಳೀರಿ, ಇಷ್ಟು ಕಮ್ಮಿ ಓಮ್ಸ್‌ಲ್ಲಿ ಅದೇ ದೊಡ್ಡದಾಗುತ್ತೆ. ಕೊನೇಲಿ ಪ್ರತಿ ಪಿನ್‌ಗೂ ಮೋಟರ್ ಬಾಡಿಗೂ ಮಧ್ಯೆ, ಮೀಟರ್ ಅತಿ ದೊಡ್ಡ ರೇಂಜಲ್ಲಿ, ಏನೂ ತೋರಿಸ್ಬಾರದು.

ಎರಡನೇ_ಮಹಡಿ:
ಮಧ್ಯೆ ಬರ್ತಿದ್ದೀನಿ ಕ್ಷಮಿಸಿ. ನಮ್ದು ಸೆಮಿ ಆಟೋಮ್ಯಾಟಿಕ್. ವಾಷ್ ಕಡೆ ಟೈಮರ್ ತಿರುಗಿಸಿದ್ರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಸ್ಪಿನ್ ಕಡೆ ಪರ್ಫೆಕ್ಟ್. ಇದಕ್ಕೂ ಬ್ರಷ್ ಇರುತ್ತಾ?

ಮೂರನೇ_ಪಿನ್:
ಇಲ್ಲ ಬ್ರೋ, ನಿಮ್ಮದರಲ್ಲಿ ಬ್ರಷ್ ಇಲ್ಲ, ಇಂಡಕ್ಷನ್ ಮೋಟರ್ ಮತ್ತೆ ಅದನ್ನ ಸ್ಟಾರ್ಟ್ ಮಾಡಿಸೋ ಕೆಪಾಸಿಟರ್. ಗುಂಯ್ ಅಂದು ನಿಂತಿದ್ರೆ ಮೊದಲ ಅನುಮಾನ ಕೆಪಾಸಿಟರ್ ಮೇಲೇನೇ. ಆನ್ ಇಟ್ಟು ಗುಂಯ್ ಅನ್ನೋಕೆ ಬಿಡ್ಬೇಡಿ, ವೈಂಡಿಂಗ್ ಬಿಸಿಯಾಗಿ ಸುಡುತ್ತೆ.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಲ್ಲಿ ಚಾರ್ಜ್ ಇರುತ್ತೆ, 10 ಕಿಲೋ ಓಮ್ 5 ವ್ಯಾಟ್ ರೆಸಿಸ್ಟರ್‌ನ ಪ್ಲಾಸ್ಟಿಕ್ ಹಿಡಿ ಇರೋ ಇಕ್ಕಳದಲ್ಲಿ ಹಿಡ್ದು ಎರಡೂ ಟರ್ಮಿನಲ್‌ಗೆ ಕೆಲವು ಸೆಕೆಂಡ್ ಒತ್ತಿ ಹಿಡೀರಿ, ಮೀಟರ್‌ಲ್ಲಿ ವೋಲ್ಟೇಜ್ ಸೊನ್ನೆ ಆಗಿದ್ಯಾ ನೋಡಿ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಪಟ್ ಅನ್ನಿಸೋದು ಬೇಡ. ಮೀಟರ್‌ಲ್ಲಿ ಕೆಪಾಸಿಟೆನ್ಸ್ ರೇಂಜ್ ಇದ್ರೆ ಅಳೀರಿ. ವಾಷ್ ಮೋಟರ್‌ಗೆ ಸಾಮಾನ್ಯವಾಗಿ 10 ಮೈಕ್ರೋಫ್ಯಾರಡ್ ಆಸುಪಾಸು ಇರುತ್ತೆ, ಸ್ಪಿನ್‌ಗೆ ಅದಕ್ಕಿಂತ ಚಿಕ್ಕದು, ನಿಮ್ಮದರ ಮೇಲೆ ಬರೆದಿರೋದೇ ಫೈನಲ್. ಬರೆದಿರೋದಕ್ಕಿಂತ 10 ಪರ್ಸೆಂಟ್‌ಗಿಂತ ಜಾಸ್ತಿ ಇಳಿದಿದ್ರೆ ಬದಲಾಯಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರ್ಬೇಕು, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ಇರ್ಬಹುದು, ಕಮ್ಮಿ ಇರ್ಬಾರದು.

ಕೆಪಾಸಿಟರ್ ಸರಿ ಇದ್ರೆ ಮೋಟರ್‌ನ ಮೂರು ವೈರ್ ಬಿಡಿಸಿ ಅಳೀರಿ. ವಾಷ್ ಮೋಟರ್ ಎರಡೂ ದಿಕ್ಕಿಗೂ ತಿರುಗಬೇಕಾಗಿರೋದ್ರಿಂದ ಅದರ ಎರಡು ವೈಂಡಿಂಗ್ ಒಂದೇ ಸಮ. ಎರಡು ವೈಂಡಿಂಗ್‌ಗೂ ಸೇರಿದ ಕಾಮನ್ ವೈರ್‌ನಿಂದ ಉಳಿದೆರಡು ವೈರ್‌ಗೂ ಒಂದೇ ಓಮ್ಸ್, ಆ ಎರಡು ವೈರ್ ಮಧ್ಯೆ ಅದರ ಎರಡರಷ್ಟು. ಉದಾಹರಣೆಗೆ 20, 20, 40. ಒಂದು ಕಡೆ ಕಮ್ಮಿ ಬಂದ್ರೆ ಆ ಸುರುಳಿ ಒಳಗಡೆ ಶಾರ್ಟ್. ಈ ಲೆಕ್ಕ ಸ್ಪಿನ್ ಮೋಟರ್‌ಗೆ ಹಾಕ್ಬೇಡಿ, ಅಲ್ಲಿ ಎರಡು ವೈಂಡಿಂಗ್ ಬೇರೆ ಬೇರೆ ಇರ್ಬಹುದು.

ಎರಡನೇ_ಮಹಡಿ:
ಕೆಪಾಸಿಟರ್ ಮೇಲೆ 10 ಅಂತ ಇದೆ, ಮೀಟರ್‌ಲ್ಲಿ 4.1 ತೋರಿಸ್ತಿದೆ. ಓಮ್ಸ್ ಎರಡೂ ಕಡೆ ಸಮ. ಇನ್ನೊಂದು ಡೌಟ್, ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ್ಲೇ ಇದು ಶುರು ಆಗಿದ್ದು, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಹಳೇ_ವೈಂಡರ್:
ಇದೆ. ಇಂಡಕ್ಷನ್ ಮೋಟರ್ ತಿರುಗಿಸೋ ಬಲ ವೋಲ್ಟೇಜ್ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. ವೋಲ್ಟೇಜ್ 20 ಪರ್ಸೆಂಟ್ ಕಮ್ಮಿ ಆದ್ರೆ ಬಲ 64 ಪರ್ಸೆಂಟ್ ಮಾತ್ರ ಉಳಿಯೋದು. ಕೆಪಾಸಿಟರ್ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಅದಕ್ಕೆ ವೋಲ್ಟೇಜ್ ಚೆನ್ನಾಗಿದ್ದಾಗ ಹೇಗೋ ಎದ್ದಿದೆ, ಇಳಿದಾಗ ನಿಂತಿದೆ. ಕೆಪಾಸಿಟರ್ ಹಾಕಿ, ಮೋಟರ್ ಮುಟ್ಬೇಡಿ.

ನೀಲಿ_ಬಕೆಟ್:
ರೀಡಿಂಗ್ ತಂದಿದ್ದೀನಿ. ಕಡ್ಡಿ ಓಮ್ಸ್ ಕಳೆದ ಮೇಲೆ ಫೀಲ್ಡ್ 1.9, ಆರ್ಮೇಚರ್ 2.2, ಪೂರ್ತಿ ಸುತ್ತು ತಿರುಗಿಸಿದ್ರೂ ದೊಡ್ಡದಾಗಿ ಎಗರಲ್ಲ. ಪಿನ್‌ಗಳಿಂದ ಮೋಟರ್ ಬಾಡಿಗೆ ಏನೂ ಇಲ್ಲ. ಹೊಸ ಬ್ರಷ್ ಜೋಡಿ ಹಾಕ್ದೆ, ಓರೆ ಹಳೇ ದಿಕ್ಕಿಗೇ ಇಟ್ಟೆ. ಸೋಪ್ ಟ್ರೇ ಪೈಪ್ ಕ್ಲಿಪ್ ಸಡಿಲ ಇತ್ತು, ಅದರ ಕೆಳಗೆ ನೇರ ಮೋಟರ್ ಮೇಲೆ ಬಿಳಿ ಗೆರೆ ಕಟ್ಟಿತ್ತು, ಕ್ಲಿಪ್ ಬಿಗಿ ಮಾಡ್ದೆ.

ಡ್ರಮ್ ಈಗ ಮೊದಲನೇ ಸಲಕ್ಕೇ ತಿರುಗ್ತಿದೆ! ಆದ್ರೆ ಹೊಸ ತೊಂದರೆ. ವಾಷ್ ನಿಧಾನಕ್ಕೆ ಹೋಗ್ತಾ ಹೋಗ್ತಾ ಒಮ್ಮೆಲೇ ಜೋರಾಗಿ ಎಳೆದು ತಕ್ಷಣ ನಿಂತ್ಬಿಡುತ್ತೆ, ಮತ್ತೆ ಎರರ್. ಯಾವಾಗ್ಲೂ ಅಲ್ಲ, ಮಧ್ಯೆ ಮಧ್ಯೆ. ಈಗ ಬೋರ್ಡೇನಾ?

ಮೂರನೇ_ಪಿನ್:
ಬೋರ್ಡ್ ಅನ್ನೋಕೆ ಇನ್ನೂ ಬೇಗ ಆಯ್ತು. ಒಮ್ಮೆಲೇ ಓಡೋದಕ್ಕೆ ಮುಖ್ಯ ಕಾರಣ ಎರಡು, ಟ್ಯಾಕೋ ಸಿಗ್ನಲ್ ಕಳ್ಕೊಳೋದು, ಇಲ್ಲಾ ಬೋರ್ಡ್‌ಲ್ಲಿರೋ ಟ್ರಯಾಕ್ (ಮೋಟರ್‌ಗೆ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿರೋದು. ಟ್ರಯಾಕ್ ಶಾರ್ಟ್ ಆಗಿದ್ರೆ ಪ್ರತಿ ಸಲವೂ ಶುರುವಾತಿನಲ್ಲೇ ಫುಲ್ ಸ್ಪೀಡ್. ನಿಮ್ಮದು ಮಧ್ಯೆ ಮಧ್ಯೆ ಆಗ್ತಿದೆ, ಅದಕ್ಕೆ ಟ್ಯಾಕೋ ನೋಡಿ.

ಟ್ಯಾಕೋ ಅಂದ್ರೆ ಶಾಫ್ಟ್ ತುದೀಲಿ ಒಂದು ಸಣ್ಣ ಮ್ಯಾಗ್ನೆಟ್ ಬಿಲ್ಲೆ, ಸುತ್ತ ಒಂದು ಕಾಯಿಲ್. ಮ್ಯಾಗ್ನೆಟ್ ತಿರುಗಿದಾಗ ಕಾಯಿಲ್‌ಲ್ಲಿ ಸಣ್ಣ ಎಸಿ ವೋಲ್ಟೇಜ್ ಹುಟ್ಟುತ್ತೆ, ಬೋರ್ಡ್ ಅದನ್ನ ಎಣಿಸಿ ವೇಗ ತಿಳ್ಕೊಳುತ್ತೆ. ಸಿಗ್ನಲ್ ನಿಂತ್ರೆ ಮೋಟರ್ ತಿರುಗ್ತಿಲ್ಲ ಅಂದ್ಕೊಂಡು ಬೋರ್ಡ್ ಇನ್ನೂ ಜಾಸ್ತಿ ಕರೆಂಟ್ ಕೊಡುತ್ತೆ, ಆಮೇಲೆ ಗೊತ್ತಾಗಿ ಕಟ್ ಮಾಡುತ್ತೆ. ಪುಲ್ಲಿ ಅನುಪಾತ ಹತ್ತಕ್ಕಿಂತ ಜಾಸ್ತಿ ಇರುತ್ತೆ, ಡ್ರಮ್ ನಿಮಿಷಕ್ಕೆ 1000 ಸುತ್ತು ಹೋದ್ರೆ ಮೋಟರ್ 10,000 ದಾಟಿರುತ್ತೆ, ಹಾಗಾಗಿ ಬೋರ್ಡ್ ಇಲ್ಲಿ ಒಂಚೂರೂ ರಿಸ್ಕ್ ತಗೊಳಲ್ಲ.

ಪ್ಲಗ್ ಕಿತ್ತು ಟ್ಯಾಕೋ ಓಮ್ಸ್ ಅಳೀರಿ. ಕಂಪನಿ ಮೇಲೆ ಹತ್ತಾರು ಓಮ್‌ನಿಂದ ಸಾವಿರ ದಾಟೋವರೆಗೂ ಇರುತ್ತೆ, ಸಂಖ್ಯೆಗಿಂತ ಸ್ಥಿರವಾಗಿದ್ಯಾ ಅನ್ನೋದು ಮುಖ್ಯ. ಎರಡು ಕಡೆ ಅಳೀರಿ, ಒಂದ್ಸಲ ಮೋಟರ್ ಮೇಲೆ, ಇನ್ನೊಂದ್ಸಲ ಬೋರ್ಡ್ ಕಡೆ ಕನೆಕ್ಟರ್ ಬಿಚ್ಚಿ ಆ ತುದಿಯಿಂದ. ಎರಡನೇ ಸಲ ಅಳೀವಾಗ ವೈರ್ ಕಂತೆನ ಉದ್ದಕ್ಕೂ ಅಲ್ಲಾಡಿಸ್ತಾ ಹೋಗಿ. ಆಮೇಲೆ ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಪುಲ್ಲಿ ಕೈಯಲ್ಲಿ ಜೋರಾಗಿ ತಿರುಗಿಸಿ, ಸ್ವಲ್ಪನಾದ್ರೂ ವೋಲ್ಟೇಜ್ ಬರ್ಬೇಕು.

ನೀಲಿ_ಬಕೆಟ್:
ಸಿಕ್ತು ಸರ್. ಮೋಟರ್ ಮೇಲೆ ನೇರ ಅಳೆದ್ರೆ 184 ಓಮ್, ಕದಲಲ್ಲ. ಬೋರ್ಡ್ ತುದಿಯಿಂದ ಅಳೆದ್ರೂ 184, ಆದ್ರೆ ವೈರ್ ಅಲ್ಲಾಡಿಸ್ತಾ ಬಂದಾಗ ಮೋಟರ್ ಕನೆಕ್ಟರ್‌ಗಿಂತ ಒಂದು ಗೇಣು ಮುಂಚೆ ಇರೋ ಟೈ ಹತ್ರ ಬಗ್ಗಿಸಿದ ತಕ್ಷಣ ರೀಡಿಂಗ್ ಮಾಯ, ಬಿಟ್ರೆ ವಾಪಸ್. ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಸರಿಯಾಗೇ ಇದೆ, ಗಾಯ ಏನೂ ಇಲ್ಲ. ಅಲ್ಲಿ ಹಿಡ್ದು ಎಳೆದ್ರೆ ಸಿಪ್ಪೆ ಮಾತ್ರ ರಬ್ಬರ್ ತರ ಉದ್ದ ಆಗುತ್ತೆ. ಬಿಡಿಸಿ ನೋಡಿದ್ರೆ ಒಳಗೆ ತಾಮ್ರದ ಎಳೆ ಎಲ್ಲ ತುಂಡಾಗಿ ತುದಿ ಹಸಿರಾಗಿದೆ.

ಹಳೇ_ವೈಂಡರ್:
ಬಹಳ ಚೆನ್ನಾಗಿ ಹುಡುಕಿದ್ದೀರಿ. ಮೋಟರ್ ಟಬ್ ಜೊತೆ ಕುಣಿಯುತ್ತೆ, ವೈರಿನ ಇನ್ನೊಂದು ತುದಿ ಬಾಡಿಗೆ ಕಟ್ಟಿರುತ್ತೆ, ಆ ಟೈ ಹತ್ರಾನೇ ಪ್ರತಿ ವಾಷ್‌ಲ್ಲೂ ಬಗ್ಗಿ ಬಗ್ಗಿ ಮುರಿಯೋದು. ಹೊಸ ಬೋರ್ಡ್ ಹಾಕಿದ್ರೂ ಇದು ಹೋಗ್ತಿರ್ಲಿಲ್ಲ, ಮೋಟರ್ ಹಾಕಿದ್ರೂ ಹೋಗ್ತಿರ್ಲಿಲ್ಲ.

ಹಸಿರು ಭಾಗ ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ ಮಲ್ಟಿಸ್ಟ್ರ್ಯಾಂಡ್ ವೈರ್ ತುಂಡು ಸೇರಿಸಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ. ಬೆಸುಗೆ ಹಾಕಿದ ಜಾಗ ಗಡಸಾಗುತ್ತೆ, ಅದು ಬಗ್ಗೋ ಜಾಗದಲ್ಲಿ ಬರ್ಬಾರದು, ಟೈನಿಂದ ದೂರ ಇರ್ಲಿ. ಕ್ರಿಂಪ್ ಸ್ಲೀವ್ ಇದ್ರೆ ಇನ್ನೂ ವಾಸಿ. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತೋದು ಬೇಡ, ಮಷಿನ್ ಅದುರೋದಕ್ಕೆ ನಿಲ್ಲಲ್ಲ. ವೈರ್‌ಗೆ ಸ್ವಲ್ಪ ಸಡಿಲ ಬಿಟ್ಟು ಹೊಸ ಟೈ ಹಾಕಿ. ಪಕ್ಕದ ವೈರ್‌ಗಳನ್ನೂ ಅಲ್ಲೇ ಎಳೆದು ನೋಡಿ.

ಹೊಸ ಬ್ರಷ್ ಕೂರೋವರೆಗೂ ಬಟ್ಟೆ ಇಲ್ದೆ ಒಂದೆರಡು ವಾಷ್, ಆಮೇಲೆ ಕಮ್ಮಿ ಬಟ್ಟೆ ಹಾಕಿ. ಮೊದಮೊದಲು ಸಣ್ಣ ಕಿಡಿ, ಸ್ವಲ್ಪ ವಾಸನೆ ಇದ್ದೇ ಇರುತ್ತೆ. ಕಮ್ಯುಟೇಟರ್ ಸುತ್ತ ಪೂರ್ತಿ ಬೆಂಕಿ ಉಂಗುರದ ತರ ಕಿಡಿ ಬಂದ್ರೆ ಮಾತ್ರ ನಿಲ್ಲಿಸಿ, ಅದು ಆರ್ಮೇಚರ್ ಒಳಗಿನ ಶಾರ್ಟ್ ಇರ್ಬಹುದು.

ನೀಲಿ_ಬಕೆಟ್:
ಕ್ರಿಂಪ್ ಮಾಡಿ ಹಾಕ್ದೆ. ಖಾಲಿ ವಾಷ್ ಆಯ್ತು, ಸ್ಪಿನ್‌ವರೆಗೂ ಹೋಯ್ತು, ಎಲ್ಲೂ ನಿಲ್ಲಲಿಲ್ಲ. ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಬ್ರಷ್ ಜೋಡಿ, ಒಂದು ತುಂಡು ವೈರ್, ಇಷ್ಟರಲ್ಲೇ ಮುಗೀತು.

ಸೈಲೆಂಟ್_ಮೋಡ್:
ನಮ್ದು ಬೆಲ್ಟ್ ಇಲ್ಲದ ಡೈರೆಕ್ಟ್ ಡ್ರೈವ್, ಇನ್ವರ್ಟರ್ ಮೋಟರ್. ಡ್ರಮ್ ಅಲ್ಲಾಡಿ ನಿಂತು ಮೋಟರ್ ಲಾಕ್ ಅಂತ ಎರರ್. ಇದಕ್ಕೆ ಈ ಟೆಸ್ಟ್ ಯಾವುದೂ ನಡಿಯಲ್ವಾ?

ಮೂರನೇ_ಪಿನ್:
ಬೇರೆ ಟೆಸ್ಟ್ ಇದೆ, ಆದ್ರೆ ಮೊದ್ಲು ಎಚ್ಚರಿಕೆ. ಇನ್ವರ್ಟರ್ ಬೋರ್ಡ್ ಮೇಲಿನ ದೊಡ್ಡ ಕೆಪಾಸಿಟರ್‌ಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತೆ. ಕಾದು, ಅಳೆದು, ಆಮೇಲೆ ಕೈ ಹಾಕಿ. 5 ವೋಲ್ಟ್ ಸೆಕ್ಷನ್ ಅಲ್ವಾ ಅಂತ ಲೈವ್ ಬೋರ್ಡ್ ಮುಟ್ಟೋದೂ ಬೇಡ, ಎಷ್ಟೋ ಬೋರ್ಡ್‌ಲ್ಲಿ ಅದರ ಗ್ರೌಂಡ್ ಮೇನ್ಸ್‌ಗೇ ಸೇರಿರುತ್ತೆ.

ಪ್ಲಗ್ ಕಿತ್ತು ಮೋಟರ್‌ನ ಮೂರು ವೈರ್ ಕನೆಕ್ಟರ್ ಬಿಡಿಸಿ. ಮೂರು ಜೋಡಿ ಅಳೀರಿ, ಮೂರೂ ಒಂದೇ ಬರ್ಬೇಕು. ಬಾಡಿಗೆ ಏನೂ ಬರ್ಬಾರದು. ಆಮೇಲೆ ಡ್ರಮ್ ಕೈಯಲ್ಲಿ ತಿರುಗಿಸಿ. ಮ್ಯಾಗ್ನೆಟ್ ಇರೋದ್ರಿಂದ ಸ್ವಲ್ಪ ಗಿಟಿಗಿಟಿ ಇರುತ್ತೆ, ಅದು ಮಾಮೂಲಿ. ಕನೆಕ್ಟರ್ ಬಿಡಿಸಿದಾಗ ಸಲೀಸು, ಹಾಕಿದಾಗ ಬ್ರೇಕ್ ಹಿಡ್ದಂಗೆ ಗಟ್ಟಿ ಅಂದ್ರೆ ಬೋರ್ಡ್‌ಲ್ಲಿ ಪವರ್ ಟ್ರಾನ್ಸಿಸ್ಟರ್ ಶಾರ್ಟ್. ಬಿಡಿಸಿದಾಗ್ಲೂ ಗಟ್ಟಿ ಅಂದ್ರೆ ವೈಂಡಿಂಗ್ ಒಳಗೆ ಶಾರ್ಟ್, ಇಲ್ಲಾ ಬೇರಿಂಗ್, ಇಲ್ಲಾ ಡ್ರಮ್ ಸಂದೀಲಿ ಏನೋ ಸಿಕ್ಕಿದೆ. ಎರಡೂ ಸಲ ಸಲೀಸು, ಓಮ್ಸೂ ಸಮ, ಆದ್ರೂ ಅಲ್ಲಾಡಿ ನಿಲ್ಲುತ್ತೆ ಅಂದ್ರೆ ಹಾಲ್ ಸೆನ್ಸರ್ (ತಿರುಗೋ ಮ್ಯಾಗ್ನೆಟ್ ಎಲ್ಲಿದೆ ಅಂತ ಬೋರ್ಡ್‌ಗೆ ಹೇಳೋದು) ಮತ್ತೆ ಅದರ ವೈರ್ ನೋಡಿ.

ಸೈಲೆಂಟ್_ಮೋಡ್:
ಎರಡೂ ಸಲ ಸಲೀಸು, ಮೂರು ಜೋಡಿ ಓಮ್ಸೂ ಸಮ. ಹಾಲ್ ಸೆನ್ಸರ್ ಕನೆಕ್ಟರ್ ಬಿಚ್ಚಿದ್ರೆ ಒಂದು ಪಿನ್ ಕಪ್ಪು ಹಿಡಿದಿದೆ. ಅಲ್ಲಿಂದ ಶುರು ಮಾಡ್ತೀನಿ.

ಮತ್ತೆ_ಬೋರ್ಡ್:
ನಂದು ಬೆಲ್ಟ್ ಮಾಡೆಲ್. ಬೋರ್ಡ್ ಹೊಸದು ಹಾಕಿಸಿದೆ, ಮೊದಲನೇ ಸ್ಪಿನ್‌ಗೇ ಮತ್ತೆ ಅದೇ ಜಾಗದಲ್ಲಿ ಸುಟ್ಟಿದೆ. ಮನೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಟ್ ಮಾಡೋ ಸ್ವಿಚ್) ಕೂಡ ಆಗಾಗ ಟ್ರಿಪ್ ಆಗುತ್ತೆ. ಇನ್ನೊಂದು ಬೋರ್ಡ್ ಆರ್ಡರ್ ಮಾಡ್ಬೇಕು ಅಂತಿದ್ದೀನಿ.

ಹಳೇ_ವೈಂಡರ್:
ನಿಲ್ಲಿಸಿ, ಆರ್ಡರ್ ಮಾಡ್ಬೇಡಿ. ಅದೇ ಜಾಗದಲ್ಲಿ ಮತ್ತೆ ಸುಟ್ಟಿದೆ ಅಂದ್ರೆ ಅದನ್ನ ಸುಡ್ತಿರೋದು ಹೊರಗಿದೆ. ಮಷಿನ್ ಪ್ಲಗ್ ಕಿತ್ತೇ ಇಡಿ. ಮೋಟರ್ ಕನೆಕ್ಟರ್ ಬಿಡಿಸಿ ಪ್ರತಿ ಪಿನ್‌ನಿಂದ ಬಾಡಿಗೆ ಮೆಗಾ ಓಮ್ ರೇಂಜಲ್ಲಿ ಅಳೆದು ಹಾಕಿ. ಹೀಟರ್ ವೈರ್ ಎರಡೂ ಬಿಡಿಸಿ ಅದನ್ನೂ ಬಾಡಿಗೆ ಅಳೀರಿ, ಟ್ರಿಪ್‌ಗೆ ಹೀಟರ್ ಕೂಡ ದೊಡ್ಡ ಕಾರಣ.

ಮತ್ತೆ_ಬೋರ್ಡ್:
ಹೀಟರ್ ಬಾಡಿಗೆ ಏನೂ ಇಲ್ಲ. ಟ್ಯಾಕೋ ಏನೂ ಇಲ್ಲ. ಫೀಲ್ಡ್‌ನಿಂದ ಬಾಡಿಗೆ ಏನೂ ಇಲ್ಲ. ಎರಡು ಬ್ರಷ್ ಪಿನ್‌ನಿಂದ ಬಾಡಿಗೆ 38 ಕಿಲೋ ಓಮ್.

ಹಳೇ_ವೈಂಡರ್:
ಅಲ್ಲೇ ಇದೆ. 38 ಕಿಲೋ ಓಮ್ ಅಂದ್ರೆ 230 ವೋಲ್ಟ್‌ಗೆ 6 ಮಿಲಿ ಆಂಪಿಯರ್ ಸೋರಿಕೆ, ಅದು ಒಣಗಿದ್ದಾಗ, ಮೀಟರ್‌ನ ಸಣ್ಣ ಬ್ಯಾಟರಿ ವೋಲ್ಟೇಜಲ್ಲಿ. ತೇವ ಆಗಿ ಪೂರ್ತಿ ವೋಲ್ಟೇಜ್ ಬಿದ್ದಾಗ ಎಷ್ಟೋ ಪಟ್ಟು ಆಗುತ್ತೆ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಬಿದ್ದೇ ಬೀಳುತ್ತೆ. ಬ್ರಷ್ ಎರಡೂ ಹೊರಗೆ ತೆಗ್ದು ಹೋಲ್ಡರ್‌ನಿಂದ ಬಾಡಿಗೆ ಒಂದ್ಸಲ, ಕಮ್ಯುಟೇಟರ್‌ನಿಂದ ಶಾಫ್ಟ್‌ಗೆ ಒಂದ್ಸಲ ಅಳೀರಿ. ಹೋಲ್ಡರ್ ಕಡೆ ಸೋರಿದ್ರೆ ಕಾರ್ಬನ್ ಹುಡಿ, ಕ್ಲೀನ್ ಮಾಡಿ ಒಣಗಿಸಿದ್ರೆ ಹೋಗುತ್ತೆ. ಕಮ್ಯುಟೇಟರ್‌ನಿಂದ ಶಾಫ್ಟ್‌ಗೆ ಸೋರಿದ್ರೆ ಆರ್ಮೇಚರ್ ಇನ್ಸುಲೇಷನ್ ಹೋಗಿದೆ, ಆಗ ಮೋಟರ್ ಬದಲಾಯಿಸೋದೇ ಸರಿ.

ಕ್ಲೀನ್ ಆದ ಮೇಲೆ ಮಲ್ಟಿಮೀಟರ್ ಏನೂ ತೋರಿಸ್ಲಿಲ್ಲ ಅಂತ ಅಷ್ಟಕ್ಕೇ ನಂಬ್ಬೇಡಿ, ವೈಂಡಿಂಗ್ ಅಂಗಡೀಲಿ 500 ವೋಲ್ಟ್ ಮೆಗ್ಗರ್ (ಜಾಸ್ತಿ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯೋ ಮೀಟರ್) ಇರುತ್ತೆ, ಮೋಟರ್ ತಗೊಂಡು ಹೋಗಿ ಒಂದ್ಸಲ ಕೊಟ್ಟು ನೋಡಿಸಿ. ಸುಟ್ಟಿರೋ ಬೋರ್ಡ್ ಎಸೀಬೇಡಿ, ಟ್ರಯಾಕ್ ಮಾತ್ರ ಹೋಗಿದ್ರೆ ಅದೊಂದೇ ಹಾಕ್ಬಹುದು. ಹಾಕೋರಿಗೆ ನಂಬರ್ ಪೂರ್ತಿ ಓದಿ ಹೇಳಿ, ಬಿಟಿಎ 16 ಅಂದ್ರೆ ಹಿಂದಿನ ಲೋಹದ ಪಟ್ಟಿ ಒಳಗಡೆಯಿಂದ ಇನ್ಸುಲೇಟ್ ಆಗಿರುತ್ತೆ, ಬಿಟಿಬಿ 16ರಲ್ಲಿ ಆಗಿರಲ್ಲ, ಬಿಟಿಎ ಬದಲು ಬಿಟಿಬಿ ಹಾಕಿದ್ರೆ ಹೀಟ್ ಸಿಂಕ್‌ಗೇ ಲೈವ್ ಬರ್ಬಹುದು.

ಮತ್ತೆ_ಬೋರ್ಡ್:
ಹೋಲ್ಡರ್‌ನಿಂದ ಬಾಡಿಗೆ 38 ಕಿಲೋ ಓಮ್, ಕಮ್ಯುಟೇಟರ್‌ನಿಂದ ಶಾಫ್ಟ್‌ಗೆ ಏನೂ ಇಲ್ಲ. ಹೋಲ್ಡರ್ ಸುತ್ತ ಗಟ್ಟಿ ಮಸಿ ಪದರ ಇದೆ. ಇವತ್ತು ಉಜ್ಜಿ ಒಣಗೋಕೆ ಇಡ್ತೀನಿ, ನಾಳೆ ಮೆಗ್ಗರ್‌ಗೆ ಒಯ್ತೀನಿ.

ಹಳೇ_ವೈಂಡರ್:
ಸರಿ. ರೀಡಿಂಗ್ ಇಲ್ಲೇ ಹಾಕಿ, ಅದು ನೋಡಿದ ಮೇಲೆ ಬೋರ್ಡ್ ಮಾತು. ನೀರು ಮೋಟರ್ ಮೇಲೆ ಎಲ್ಲಿಂದ ಬೀಳ್ತಿದೆ ಅಂತಾನೂ ಅಷ್ಟರಲ್ಲಿ ಹುಡುಕಿಟ್ಟಿರಿ.